ಗೊರಕೆ ಹೊಡೆಯುವ ಬೆಕ್ಕು: ಮಡಿಕೇರಿಯಿಂದ ಮೈಸೂರಿಗೆ ಮೂರು ಸಲ

ಮೊನ್ನೆ ಗುರುವಾರ ಕಡುಬಿನ ಹೊಟ್ಟೆಯ ಹೊಲಿಗೆ ತೆಗೆಸಿಕೊಂಡು ಬಂದೆವು. ಕಡುಬು ಅಂದರೆ ನಮ್ಮ ಬೆಕ್ಕು. ಆಗಷ್ಟೇ ಉಗಿಯಿಂದ ಇಳಿಸಿದ ಕಡಂಬುಟ್ಟಿನ ಹಾಗೆ ಗುಂಡಗಿನ ಬಿಳಿ ಮುಖ. ಅದರ ನಡುವೆ ಯಾರೋ ಹೆಬ್ಬೆರಳಿನಿಂದ ಒತ್ತಿಬಿಟ್ಟಂಥ ಮೂಗು. ಆ ಮೂಗಿನ ಹಿಂದೆ ನಾವು ಇಡೀ ವರ್ಷ ಓಡಾಡಿದೆವು. ಕೊಡಗಿನಲ್ಲಿ ಈಗ ಇಂಥ ಬೆಕ್ಕು ಸಾಕುವವರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅವರಿಗಾದರೂ ನಮ್ಮ ಅಲೆದಾಟ ತಪ್ಪಲಿ ಅಂತ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಹೋದ ಡಿಸೆಂಬರಿನಲ್ಲಿ, ಕಾಫಿ ಕೊಯ್ಲಿನ ಗಡಿಬಿಡಿಯ ನಡುವೆ, ಬೆಂಗಳೂರಿನಲ್ಲಿದ್ದ ನನ್ನ ನಾದಿನಿ ಫೋನ್ ಮಾಡಿದಳು. ಕೆಲಸದ ಮೇಲೆ ಹೊರದೇಶಕ್ಕೆ ಹೋಗುತ್ತಿದ್ದಳು. "ಅತ್ತಿಗೆ, ನಿಮ್ಮಲ್ಲಿ ಜಾಗ ಜಾಸ್ತಿ ಇದೆ, ಇವಳನ್ನು ಇಟ್ಕೊಳ್ತೀರಾ?" ಅಂದಳು. ಹತ್ತು ತಿಂಗಳ ಹೆಣ್ಣು ಬೆಕ್ಕು. ಜಾತಿ ಎಕ್ಸಾಟಿಕ್ ಶಾರ್ಟ್‌ಹೇರ್. ನಾನು ಹೂಂ ಅಂದೆ. ಮಡಿಕೇರಿಯಿಂದ ಮೂರ್ನಾಡು ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ತೋಟ ಇದೆ, ಎರಡು ನಾಯಿ ಇವೆ, ಅಡಿಗೆಮನೆಯ ಹಿಂದೆ ಬಂದು ಹೋಗುವ ಊರ ಬೆಕ್ಕುಗಳಿಗಂತೂ ಲೆಕ್ಕ ಇಲ್ಲ. ಇನ್ನೊಂದು ಬೆಕ್ಕು ಎಂತ ಮಹಾ ಅಂದುಕೊಂಡಿದ್ದೆ.

ಈ ತಳಿಯನ್ನು ಅಮೆರಿಕದವರು 1950-60ರ ದಶಕಗಳಲ್ಲಿ ಮಾಡಿದ್ದು. ಪರ್ಷಿಯನ್ ಬೆಕ್ಕಿಗೂ ಅಲ್ಲಿಯ ಗಿಡ್ಡ ಕೂದಲಿನ ಬೆಕ್ಕಿಗೂ ಸಂಬಂಧ ಬೆಳೆಸಿದರು. ಪರ್ಷಿಯನ್ ಮುಖ ಬೇಕು, ದಿನಾ ಕೂತು ಬಾಚುವುದು ಬೇಡ ಅನ್ನುವವರಿಗೆ ಇದು ಅನುಕೂಲವಾಯಿತು. ಅಲ್ಲಿ ತಮಾಷೆಗೆ ಇದನ್ನು ಸೋಮಾರಿಗಳ ಪರ್ಷಿಯನ್ ಅಂತಾರೆ. ಆ ಮಾತನ್ನು ನಾನು ನಂಬಿಬಿಟ್ಟೆ. ಗಿಡ್ಡವಾಗಿದ್ದು ಕೂದಲು ಮಾತ್ರ. ಪರ್ಷಿಯನ್ನಿನ ಮೂಗು, ಕಣ್ಣು, ದವಡೆ, ಕಿಡ್ನಿ ಎಲ್ಲದರ ತಾಪತ್ರಯವೂ ಹಾಗೇ ಉಳಿದಿದೆ. ಗಿಡ್ಡ ಅಂದ ಕೂದಲೂ ಮಕಮಲ್ಲಿನ ಹಾಗೆ ದಟ್ಟ. ವಾರಕ್ಕೆ ಎರಡು ಸಲ ಬಾಚದಿದ್ದರೆ ಸೋಫಾಕ್ಕೂ ಬೆಕ್ಕಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮೊದಲ ವಾರವೇ ಗೊತ್ತಾಗಿದ್ದು ಕಣ್ಣಿನ ಕೆಲಸ. ಮುಖ ಚಪ್ಪಟೆಯಾದ್ದರಿಂದ ಕಣ್ಣೀರು ಮೂಗಿನೊಳಗೆ ಇಳಿಯುವ ನಾಳ ಸೊಟ್ಟಗಾಗಿರುತ್ತದೆ. ನೀರು ಹೊರಗೇ ಸುರಿದು ಕೆನ್ನೆಯ ಮೇಲೆ ಕಂದು ಗೆರೆ ಕಟ್ಟುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಹಿಂಡಿ, ಬೆಳಿಗ್ಗೆ ಸಂಜೆ ಒರೆಸಬೇಕು. ಒಂದು ಕಣ್ಣಿಗೆ ಒಂದು ಹತ್ತಿ. ಮೂಗಿನ ಮೇಲಿನ ಮಡಿಕೆಯನ್ನೂ ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಅಲ್ಲಿ ಕೆಂಪಾಗಿ ವಾಸನೆ ಬರುತ್ತದೆ. ಕಣ್ಣು ಮುಚ್ಚಿಕೊಂಡೇ ಇದ್ದರೆ, ಕಣ್ಣಿನ ಮೇಲೆ ಕಂದು ಚುಕ್ಕೆ ಕಂಡರೆ ಮಾತ್ರ ಮನೆಮದ್ದು ಮಾಡುತ್ತಾ ಕೂರಬೇಡಿ. ಅವತ್ತೇ ಡಾಕ್ಟರ ಹತ್ತಿರ ಓಡಿ.

ಊಟಕ್ಕೆ ಅಗಲವಾದ ತಟ್ಟೆ ಬೇಕು. ನಾವು ಮೊದಲು ಬಟ್ಟಲಲ್ಲಿ ಹಾಕುತ್ತಿದ್ದೆವು. ಅವಳು ಇಡೀ ಮುಖ ಒಳಗೆ ತುರುಕಿ, ಅನ್ನವನ್ನೆಲ್ಲ ಅಂಚಿಗೆ ತಳ್ಳಿ, ಅರ್ಧ ತಿಂದು ಕೂರುತ್ತಿದ್ದಳು. ಅತ್ತೆ ಅದನ್ನು ಒಳ್ಳೆಯ ಗುಣ ಅಂದುಕೊಂಡಿದ್ದರು. ಅಡಿಗೆಮನೆಯಲ್ಲಿ ಒಣಮೀನು ಹುರಿಯುವಾಗ ಊರ ಬೆಕ್ಕುಗಳು ಕಿಟಕಿಗೆ ಜೋತುಬಿದ್ದು ಕೂಗಿದರೆ, ಇವಳು ಒಲೆಯಿಂದ ನಾಲ್ಕು ಅಡಿ ದೂರದಲ್ಲಿ ಸುಮ್ನೆ ಮಲಗಿರುತ್ತಿದ್ದಳು. "ನೋಡು, ಮೀನು ಕಂಡರೂ ಅಲ್ಲಾಡುವುದಿಲ್ಲ ಅದು. ಒಳ್ಳೆ ಮನೆಯಲ್ಲಿ ಬೆಳೆದದ್ದು," ಅನ್ನುತ್ತಿದ್ದರು ಅತ್ತೆ. ಅವರಿಗೆ ಬೆಕ್ಕು ಯಾವತ್ತೂ 'ಅದು'.

ಮತ್ತೆ ಗೊರಕೆ. ಬಂದ ದಿನದಿಂದ ಗೊರಕೆ. ಹಾಲ್‌ನಲ್ಲಿ ಅವಳು ಮಲಗಿದರೆ ಕೋಣೆಯಲ್ಲಿ ನಮಗೆ ಕೇಳಿಸುತ್ತಿತ್ತು. ನಮ್ಮವರು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನೆಂಟರಿಗೆಲ್ಲ ಕಳಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ಆ ರೆಕಾರ್ಡಿಂಗ್ ಕೇಳಿದರೆ ಹೊಟ್ಟೆಯಲ್ಲಿ ಒಂದು ಥರಾ ಆಗುತ್ತದೆ.

ಏಪ್ರಿಲಿನಲ್ಲಿ ರೇಬೀಸ್ ಲಸಿಕೆಯ ವರ್ಷದ ಡೋಸ್ ಬಾಕಿ ಇತ್ತು. ಮಧ್ಯಾಹ್ನದ ಹೊತ್ತು, ಕಾರಿನಲ್ಲಿ ಕುಶಾಲನಗರಕ್ಕೆ ಹೊರಟೆವು. ಘಟ್ಟ ಇಳಿಯುತ್ತಾ ಹೋದ ಹಾಗೆ ಸೆಕೆ ಏರುತ್ತದೆ, ಗೊತ್ತಲ್ವಾ. ಸುಂಟಿಕೊಪ್ಪ ದಾಟಿ ಆನೆಕಾಡು ಹತ್ತಿರ ಬುಟ್ಟಿಯ ಕಡೆ ನೋಡಿದರೆ, ಕಡುಬು ಬಾಯಿ ತೆರೆದು ನಾಯಿಯ ಹಾಗೆ ಏದುಸಿರು ಬಿಡುತ್ತಿದ್ದಳು. ನಾಲಿಗೆಯ ಬಣ್ಣ ಮಾಸಿತ್ತು. ಕಾರು ನಿಲ್ಲಿಸಿ, ಎ.ಸಿ. ಜೋರು ಮಾಡಿ, ಒದ್ದೆ ಕರವಸ್ತ್ರದಿಂದ ಪಾದ ಒರೆಸಿದೆ. ಹತ್ತು ನಿಮಿಷಕ್ಕೆ ಸರಿಹೋದಳು. ಬೆಕ್ಕು ಬಾಯಿ ತೆರೆದು ಉಸಿರಾಡುವುದು ದೊಡ್ಡ ಅಪಾಯದ ಗುರುತು ಅಂತ ನನಗೆ ಆಗ ತಿಳಿದಿರಲಿಲ್ಲ. ಲಸಿಕೆ ಹಾಕಿದವರಿಗೆ ಹೇಳಿದೆ. "ಈ ಜಾತಿಯೇ ಹೀಗೆ ಮೇಡಂ, ಮೂಗು ಇರೋದೇ ಅಷ್ಟು," ಅಂದರು. ನಾವೂ ಒಪ್ಪಿಕೊಂಡು ಬಂದೆವು. ಆ ಒಂದು ಮಾತಿನಿಂದ ನಾಲ್ಕು ತಿಂಗಳು ಹಾಳಾಯಿತು. ಅವರನ್ನು ಬೈಯುವುದಿಲ್ಲ. ಒಬ್ಬರು ಹಾಗೆ ಹೇಳಿದರೆ ಇನ್ನೊಬ್ಬರನ್ನು ಕೇಳಿ, ಅಷ್ಟೇ.

ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮ ಮಳೆಗಾಲ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಕರೆಂಟು ಹೋದರೆ ಮೂರು ದಿನ. ಆ ಹೊತ್ತಿಗೇ ಕಡುಬಿನ ಕಿವಿಯ ಹಿಂದೆ ಎಂಟಾಣೆ ಅಗಲದ ಜಾಗದಲ್ಲಿ ಕೂದಲು ಉದುರಿತು. ಒಂದು ವಾರಕ್ಕೆ ನಮ್ಮವರ ಮೊಣಕೈ ಮೇಲೆ ಅದೇ ಅಳತೆಯ ಕೆಂಪು ಉಂಗುರ. ಹುಳುಕಡ್ಡಿ. ಬೆಕ್ಕಿನಿಂದ ಮನುಷ್ಯರಿಗೆ ಸಲೀಸಾಗಿ ಹರಡುವ ಶಿಲೀಂಧ್ರ ಇದು. ಪರ್ಷಿಯನ್ ಕುಲದ ಬೆಕ್ಕುಗಳಿಗೆ ಬೇಗ ಅಂಟುತ್ತದೆ, ಬೇಗ ಬಿಡುವುದಿಲ್ಲ. ಕಿಟಕಿಯ ಜಾಲರಿಗೆ ಮುಖ ಒತ್ತಿ ಮಾತಾಡಿಸುತ್ತಿದ್ದ ಊರ ಬೆಕ್ಕುಗಳ ಮೇಲೆ ನನಗೆ ಅನುಮಾನ.

ಇಟ್ರಾಕೊನಜೋಲ್ ಔಷಧಿ ಒಂದು ವಾರ ಕೊಡುವುದು, ಒಂದು ವಾರ ಬಿಡುವುದು. ವಾರಕ್ಕೆ ಎರಡು ಸಲ ಮೈಕೊನಜೋಲ್ ಇರುವ ಶಾಂಪೂ ಸ್ನಾನ. ಜುಲೈ ತಿಂಗಳ ಮಡಿಕೇರಿಯಲ್ಲಿ, ಕರೆಂಟಿಲ್ಲದೆ, ದಟ್ಟ ಕೂದಲಿನ ಬೆಕ್ಕನ್ನು ಒಣಗಿಸಿ ನೋಡಿ. ಅತ್ತೆ ಬಚ್ಚಲೊಲೆಯ ಮುಂದೆ ಕೂರಿಸು ಅಂದರು. ಕೂರಿಸಿದೆ. ಸೌದೆ ಹಸಿಯಾಗಿತ್ತು. ಎರಡೇ ನಿಮಿಷದ ಹೊಗೆಗೆ ಇವಳ ಉಸಿರು ಗರಗರ ಅನ್ನತೊಡಗಿತು. ಆಮೇಲೆ ಟವೆಲ್‌ಗಳನ್ನು ಒಲೆಯ ಮೇಲೆ ಕಾಯಿಸಿ, ಬೇರೆ ಕೋಣೆಗೆ ತಂದು, ಒಂದಾದ ಮೇಲೆ ಒಂದರಂತೆ ಸುತ್ತಿ ಒಣಗಿಸುವುದು ಕಲಿತೆವು. ಒಂದು ಸ್ನಾನಕ್ಕೆ ಆರು ಟವೆಲ್. ಚಪ್ಪಟೆ ಮೂಗಿನ ಬೆಕ್ಕಿದ್ದರೆ ಹೊಗೆ, ಊದುಬತ್ತಿ, ಸೊಳ್ಳೆಬತ್ತಿ ಮೂರನ್ನೂ ದೂರ ಇಡಿ.

ಉದುರಿದ ಕೂದಲಿನಲ್ಲಿ ಈ ಶಿಲೀಂಧ್ರ ಒಂದು ವರ್ಷದ ಮೇಲೂ ಬದುಕಿರಬಲ್ಲದು. ಅದಕ್ಕೆ ಮನೆ ತೊಳೆಯಲು ನಾನು ಫಿನಾಯಿಲ್ ಎತ್ತಿಕೊಂಡಿದ್ದೆ. ಔಷಧಿ ಅಂಗಡಿಯ ಹುಡುಗ ತಡೆದ, ಪುಣ್ಯಾತ್ಮ. ಫಿನಾಯಿಲ್ ಜಾತಿಯ ದ್ರಾವಣಗಳು ಬೆಕ್ಕಿಗೆ ವಿಷ. ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ಸಾಕು. ನೀರು ಬೆರೆಸಿದ ಬ್ಲೀಚಿನಿಂದ ಒರೆಸಿ, ಮತ್ತೆ ಸಾದಾ ನೀರಿನಿಂದ ಒರೆಸಿದೆವು. ಇನ್ನೊಂದು ಮಾತು. ಮೈ ಬಿಸಿಯಿದೆ ಅಂತ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಅರ್ಧ ಮಾತ್ರೆಯೂ ಪ್ರಾಣ ತೆಗೆಯುತ್ತದೆ.

ಈ ಗಲಾಟೆಯಲ್ಲಿ ಗೊರಕೆ ಮರೆತೇ ಹೋಗಿತ್ತು. ಆಗಸ್ಟಿನ ಒಂದು ರಾತ್ರಿ, ಕಕ್ಕಡದ ಮಳೆ ಒಂದು ಗಳಿಗೆ ಹೊಳವಾದಾಗ, ಮನೆ ನಿಶ್ಶಬ್ದವಾಯಿತು. ಆಗ ಕೇಳಿಸಿತು. ಗೊರಕೆ ನಡೆಯುತ್ತಾ ನಡೆಯುತ್ತಾ ನಿಂತುಬಿಡುವುದು. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಬೆಚ್ಚಿಬಿದ್ದು, ತಲೆ ಎತ್ತಿ, ಒಂದು ದೊಡ್ಡ ಉಸಿರು. ಮತ್ತೆ ಮಲಗುವುದು. ಟಾರ್ಚ್ ಬಿಟ್ಟು ನೋಡಿದೆ. ಗದ್ದವನ್ನು ಬುಟ್ಟಿಯ ಅಂಚಿನ ಮೇಲೆ ಎತ್ತಿಟ್ಟುಕೊಂಡು, ಕೂತ ಹಾಗೇ ನಿದ್ದೆ ಮಾಡುತ್ತಿದ್ದಳು. ಮೂಗಿನ ಹೊಳ್ಳೆಗಳು ಎರಡು ಸಣ್ಣ ಗೀರು ಮಾತ್ರ. ಉಸಿರೆಳೆದಾಗ ಅವು ತೆರೆಯುವ ಬದಲು ಒಳಗೆ ಮುಚ್ಚಿಕೊಳ್ಳುತ್ತಿದ್ದವು.

ಅವತ್ತೇ ಉಸಿರು ಎಣಿಸಿದೆ. ನಿದ್ದೆಯಲ್ಲಿರುವಾಗ ಹದಿನೈದು ಸೆಕೆಂಡಿಗೆ ಎದೆ ಎಷ್ಟು ಸಲ ಏರುತ್ತದೆ ನೋಡಿ, ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ಇವಳದು 44. ವಿಡಿಯೊ ಮಾಡಿಕೊಂಡೆ. ಇದನ್ನು ನೀವೂ ಮಾಡಿ. ಯಾಕೆಂದರೆ ಆಸ್ಪತ್ರೆಯ ಮೇಜಿನ ಮೇಲೆ ಬೆಕ್ಕು ಹೆದರಿ ಬೇರೆಯೇ ಥರ ಉಸಿರಾಡುತ್ತದೆ. ನಿಮ್ಮ ಮಾತಿಗಿಂತ ಫೋನಿನ ವಿಡಿಯೊ ಹೆಚ್ಚು ಹೇಳುತ್ತದೆ. ಮೈಸೂರಿನ ಒಬ್ಬ ಸಾಕುಪ್ರಾಣಿ ವೈದ್ಯರಿಗೆ ವಾಟ್ಸಾಪ್ ಮಾಡಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. "ಕರ್ಕೊಂಡು ಬನ್ನಿ. ಆದ್ರೆ ಹುಳುಕಡ್ಡಿ ಪೂರ್ತಿ ಹೋದ ಮೇಲೆ ಬನ್ನಿ. ಇಲ್ಲಿ ಬೇರೆ ಬೆಕ್ಕುಗಳಿವೆ." ಅಷ್ಟರವರೆಗೆ ತಣ್ಣಗಿನ ಕೋಣೆಯಲ್ಲಿಡಿ, ಓಡಾಡಿಸಬೇಡಿ, ಬಾಯಿ ತೆರೆದರೆ ಮಾತ್ರ ಕಾಯದೆ ಹೊರಡಿ ಅಂದರು. ಆ ಮೂರು ವಾರ ರಾತ್ರಿ ನಾನು ನಮ್ಮವರು ಪಾಳಿ ಹಾಕಿಕೊಂಡು ಎದ್ದು ನೋಡಿದ್ದೇವೆ.

ಸೆಪ್ಟೆಂಬರ್ ಮೊದಲ ವಾರ ಮೊದಲ ಪ್ರಯಾಣ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮೂರು ಗಂಟೆಯ ದಾರಿ. ಬೆಳಿಗ್ಗೆ ಐದೂವರೆಗೆ ಹೊರಟೆವು, ಸೆಕೆ ಏರುವ ಮೊದಲು ತಲುಪಲಿ ಅಂತ. ಸುಂಟಿಕೊಪ್ಪಕ್ಕೆ ಮುಂಚೆ ರಸ್ತೆಗೆ ಮರ ಬಿದ್ದಿತ್ತು. ಗರಗಸ ತಂದು ಕೊಯ್ದು ದಾರಿ ಬಿಡಿಸುವಷ್ಟರಲ್ಲಿ ಒಂದೂಮುಕ್ಕಾಲು ಗಂಟೆ. ಬುಟ್ಟಿಯನ್ನು ಎರಡು ವಾರ ಮೊದಲೇ ಹಾಲ್‌ನಲ್ಲಿ ಬಾಗಿಲು ತೆರೆದಿಟ್ಟು, ಒಳಗೆ ಅವಳ ಹಳೇ ಚಾದರ ಹಾಸಿ ಅಭ್ಯಾಸ ಮಾಡಿಸಿದ್ದೆ. ಅದರಿಂದ ಅವಳು ಅಷ್ಟು ಹೊತ್ತೂ ಸುಮ್ಮನಿದ್ದಳು. ಹೊರಡುವ ಮೊದಲು ಹೊಟ್ಟೆ ತುಂಬ ತಿನ್ನಿಸಬೇಡಿ. ನಮ್ಮ ತಿರುವುಗಳಿಗೆ ವಾಂತಿ ಗ್ಯಾರಂಟಿ, ಮತ್ತೆ ಚಪ್ಪಟೆ ಮುಖದವಕ್ಕೆ ವಾಂತಿ ಉಸಿರಿಗೆ ಸಿಕ್ಕಿಕೊಳ್ಳುವ ಭಯ ಜಾಸ್ತಿ.

ಲಸಿಕೆ ಕಾರ್ಡು, ಹುಳುಕಡ್ಡಿಯ ಔಷಧಿ ಚೀಟಿಗಳು, ವಿಡಿಯೊ. ಅವರು ಕೇಳಿದ್ದು ಇಷ್ಟೇ. ನಾದಿನಿಯಿಂದ ಕಾರ್ಡು ತರಿಸಿಕೊಳ್ಳಲು ನಾನು ಪಟ್ಟ ಪಾಡು ಬೇರೆ ಕಥೆ. ಬೆಕ್ಕನ್ನು ಯಾರಿಂದ ತೆಗೆದುಕೊಂಡರೂ ಕಾರ್ಡನ್ನೂ ಅವತ್ತೇ ಇಸ್ಕೊಳ್ಳಿ. ಡಾಕ್ಟರು ವಿಡಿಯೊ ಎರಡು ಸಲ ನೋಡಿದರು. ಹೊಳ್ಳೆ ಹುಟ್ಟಿನಿಂದಲೇ ಕಿರಿದು, ಗಂಟಲಿನ ಹಿಂದೆ ಮೆತ್ತನೆಯ ಅಂಗುಳವೂ ಉದ್ದ ಇರಬಹುದು, ಅದನ್ನು ಅರಿವಳಿಕೆ ಕೊಟ್ಟ ಮೇಲೇ ನೋಡಲು ಸಾಧ್ಯ ಅಂದರು. ಹೊಳ್ಳೆಯ ಬದಿಯಿಂದ ಒಂದು ಚೂರು ಕತ್ತರಿಸಿ ಹೊಲಿದರೆ ದಾರಿ ಅಗಲವಾಗುತ್ತದೆ. ಗರ್ಭಕೋಶ ತೆಗೆಯುವುದು ಹೇಗೂ ಬಾಕಿ ಇದೆ, ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಮುಗಿಸೋಣ. ಇಂಥ ಮುಖದ ಬೆಕ್ಕಿಗೆ ಎರಡೆರಡು ಸಲ ಮತ್ತು ಬರಿಸುವುದು ಬೇಡ.

ರಕ್ತ ಪರೀಕ್ಷೆ ಮಾಡಿದರು. ಹುಳುಕಡ್ಡಿಯ ಔಷಧಿ ಲಿವರಿಗೆ ತೊಂದರೆ ಕೊಡಬಹುದಾದ್ದರಿಂದ ಅದನ್ನು ನೋಡಲೇಬೇಕಿತ್ತು. ಎದೆಯ ಎಕ್ಸ್‌ರೇ ಆಯಿತು. ಆಮೇಲೆ ಹೊಟ್ಟೆಯ ಸ್ಕ್ಯಾನ್ ಅಂದರು. ಮೂಗಿನ ಆಪರೇಷನ್‌ಗೆ ಹೊಟ್ಟೆಯ ಸ್ಕ್ಯಾನ್ ಯಾಕೆ, ದುಡ್ಡು ಕೀಳುತ್ತಿದ್ದಾರಾ ಅಂತ ನನಗೆ ಅನ್ನಿಸಿದ್ದು ಸುಳ್ಳಲ್ಲ. ಕಾರಣ ಇತ್ತು. ಪರ್ಷಿಯನ್ ಕುಲದಲ್ಲಿ ಕಿಡ್ನಿಯ ತುಂಬ ನೀರುಗುಳ್ಳೆ ಬೆಳೆಯುವ ಕಾಯಿಲೆ ವಂಶದಲ್ಲೇ ಹರಿದುಬರುತ್ತದೆ. ಒಂದು ಕಾಲದಲ್ಲಿ ಪರೀಕ್ಷೆ ಮಾಡಿದ ಪರ್ಷಿಯನ್ ಬೆಕ್ಕುಗಳಲ್ಲಿ ಮೂರಕ್ಕೊಂದಕ್ಕಿಂತ ಹೆಚ್ಚಿಗೆ ಅದು ಕಂಡಿತ್ತು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಮರಿಗೆ ಬರುವ ಸಂಭವ ಅರ್ಧಕ್ಕರ್ಧ. ಸ್ಕ್ಯಾನ್ ಮೇಜಿನ ಪಕ್ಕ ನಿಂತಾಗ ನನ್ನ ಕೈ ತಣ್ಣಗಾಗಿತ್ತು. ಗುಳ್ಳೆ ಇರಲಿಲ್ಲ. ದುಡ್ಡು ಕೊಟ್ಟು ಮರಿ ತರುವವರು ಕಿಡ್ನಿಯ ಈ ಪರೀಕ್ಷೆಯ ಕಾಗದ ತೋರಿಸಿ ಅಂತ ಕೇಳಿ. ಮಾರುವವರು ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಎರಡನೆಯ ಪ್ರಯಾಣ ದಂಡ. ತಾರೀಖು ಕೊಟ್ಟಿದ್ದರು, ರಾತ್ರಿಯಿಂದ ಉಪವಾಸ ಇಟ್ಟಿದ್ದೆವು, ಮೂರು ಗಂಟೆ ದಾರಿ ಹೋದೆವು. ಪಿರಿಯಾಪಟ್ಟಣ ದಾಟುತ್ತಿದ್ದಂತೆ ಬುಟ್ಟಿಯೊಳಗಿಂದ ಮಗು ಅತ್ತ ಹಾಗೆ ಕೂಗು ಶುರು. ಹೊಟ್ಟೆ ನೋವೇ ಇರಬೇಕು ಅಂತ ನಮ್ಮವರು ಕಾರು ಓಡಿಸಿದ ಪರಿ ಹೇಳಬಾರದು. ಡಾಕ್ಟರು ಬೆನ್ನ ಮೇಲೆ ಕೈಯಿಟ್ಟು ನೋಡಿ ನಕ್ಕರು. ಬೆದೆಗೆ ಬಂದಿದ್ದಳು. ಆಗ ಗರ್ಭಕೋಶದ ಕಡೆ ರಕ್ತದ ಓಡಾಟ ಜಾಸ್ತಿ, ತುರ್ತಿಲ್ಲದಿದ್ದರೆ ಕಾಯುವುದು ಒಳ್ಳೆಯದು ಅಂದರು. ವಾಪಸ್. ಆ ವಾರ ನಮ್ಮ ಕಿಟಕಿಗಳ ಹೊರಗೆ ಮೂರ್ನಾಡಿನ ಗಂಡು ಬೆಕ್ಕುಗಳೆಲ್ಲ ಸೇರಿ ಸಂತೆ. ಆಮೇಲೆ ದಸರಾ ಬಂತು. ದಸರಾ ಹೊತ್ತಿಗೆ ಕಾಯಿಲೆ ಬೆಕ್ಕಿನ ಜೊತೆ ಮೈಸೂರಿನ ಟ್ರಾಫಿಕ್ಕಿಗೆ ಇಳಿಯುವ ಧೈರ್ಯ ನನಗಿರಲಿಲ್ಲ. ಕಾವೇರಿ ಸಂಕ್ರಮಣ ಮುಗಿದ ವಾರಕ್ಕೆ ತಾರೀಖು ಹಾಕಿಸಿಕೊಂಡೆವು.

ಮೂರನೆಯ ಸಲ ಹಿಂದಿನ ದಿನವೇ ಹೋಗಿ ಪರಿಚಯದವರ ಮನೆಯಲ್ಲಿ ಉಳಿದೆವು. ಎರಡು ಲಾಡ್ಜಿನವರು ಬೆಕ್ಕು ಅಂದ ಕೂಡಲೇ ಆಗೋದಿಲ್ಲ ಅಂದಿದ್ದರು. ರಾತ್ರಿ ಹತ್ತರ ಮೇಲೆ ಊಟ ಇಲ್ಲ, ನೀರು ಮಾತ್ರ ಬೆಳಿಗ್ಗೆವರೆಗೆ. ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕು. ಅರಿವಳಿಕೆಯಲ್ಲಿ ಜೀವಕ್ಕೆ ಅಪಾಯ ಆದರೆ ಅಂತ ಅದರಲ್ಲಿ ಬರೆದಿರುತ್ತದೆ. ನಮ್ಮವರು ಪೆನ್ನು ನನ್ನ ಕಡೆ ಸರಿಸಿದರು. ನಾನು ಅವರ ಕಡೆ ಸರಿಸಿದೆ. ಕೊನೆಗೆ ಸಹಿ ಹಾಕಿದ್ದು ನಾನೇ.

ಸಹಿ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿದ್ದೆ, ನೀವೂ ಕೇಳಿ. ಪೂರ್ತಿ ಹೊತ್ತು ಉಸಿರು, ಆಮ್ಲಜನಕ ನೋಡುವ ಮಾನಿಟರ್ ಹಾಕುತ್ತೀರಾ? ಎಚ್ಚರವಾಗುವವರೆಗೆ ಯಾರು ಪಕ್ಕದಲ್ಲಿರುತ್ತಾರೆ? ಚಪ್ಪಟೆ ಮುಖದ ಪ್ರಾಣಿಗಳಿಗೆ ಮತ್ತು ಬರುವಾಗಿನಷ್ಟೇ ಅಪಾಯ ಮತ್ತಿನಿಂದ ಏಳುವಾಗಲೂ ಇದೆ. ಗಂಟಲಿನ ಕೊಳವೆಯನ್ನು ಬೇಗ ತೆಗೆದರೆ ಉಸಿರು ಕಟ್ಟಬಹುದು. ಅವಳು ಚೆನ್ನಾಗಿ ಎಚ್ಚರವಾಗಿ ತಾನೇ ಕೊಳವೆಯನ್ನು ತಳ್ಳುವವರೆಗೆ ತೆಗೆಯುವುದಿಲ್ಲ ಅಂದರು ಡಾಕ್ಟರು.

ಎರಡು ಗಂಟೆ ಹತ್ತು ನಿಮಿಷ ಬೆಂಚಿನ ಮೇಲೆ ಕೂತಿದ್ದೆವು. ಎದುರಿಗೆ ಕಾಲು ಮುರಿದ ಲ್ಯಾಬ್ರಡಾರ್ ನಾಯಿಯ ಜೊತೆ ಒಬ್ಬ ಅಜ್ಜ. "ಏನಾಗಿದೆ ನಿಮ್ಮದಕ್ಕೆ?" ಅಂದರು. ಮೂಗು ದೊಡ್ಡದು ಮಾಡಿಸ್ತಿದ್ದೀವಿ ಅಂದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿದರು.

ಒಳಗೆ ಕರೆದಾಗ ಕಡುಬು ಬಿಸಿನೀರಿನ ಚೀಲದ ಪಕ್ಕ, ತಲೆಯ ಸುತ್ತ ಪ್ಲಾಸ್ಟಿಕ್ಕಿನ ಕೊಡೆಯಂಥ ಕಾಲರ್ ಹಾಕಿಕೊಂಡು ಮಲಗಿದ್ದಳು. ಮೂಗಿನ ತುದಿಯಲ್ಲಿ ಒಣಗಿದ ರಕ್ತ, ಸಾಸಿವೆಯಷ್ಟು ಸಣ್ಣ ಗಂಟುಗಳು. ಅಂಗುಳ ಅಷ್ಟೇನೂ ಉದ್ದವಿಲ್ಲ, ಕತ್ತರಿಸಲಿಲ್ಲ ಅಂದರು. ಆ ಸಾಸಿವೆ ಗಂಟುಗಳ ನಡುವೆ ಎರಡು ತೂತು ಕಂಡವು. ನಿಜವಾದ ತೂತು. ನನಗೆ ಅಳು ಬಂತು, ನಮ್ಮವರು ಬಿಲ್ಲು ನೋಡುವ ನೆಪದಲ್ಲಿ ಹೊರಗೆ ಹೋದರು.

ಬಿಲ್ಲಿನ ವಿಷಯ ಹೇಳಿಬಿಡುತ್ತೇನೆ. ಮೊದಲ ಭೇಟಿಗೆ ಫೀಸು, ರಕ್ತ, ಎಕ್ಸ್‌ರೇ, ಸ್ಕ್ಯಾನ್ ಸೇರಿ 4,400. ಎರಡೂ ಆಪರೇಷನ್‌ಗೆ 18,500. ಔಷಧಿ, ಕಾಲರ್ 1,700. ಮೂರು ಸಲದ ಪೆಟ್ರೋಲ್ ಆರು ಸಾವಿರ. ಒಟ್ಟು 30,600. ಹುಳುಕಡ್ಡಿಯ ಖರ್ಚು ಬೇರೆ. ಪುಕ್ಕಟೆ ಬಂದ ಬೆಕ್ಕು! ಅತ್ತೆಗೆ ಎಂಟು ಸಾವಿರ ಅಂತ ಹೇಳಿದ್ದೇವೆ. ಅದಕ್ಕೇ "ಒಂದು ಬೆಕ್ಕಿನ ಮೂಗಿಗೆ ಎಂಟು ಸಾವಿರವಾ? ಆ ದನದ ಡಾಕ್ಟ್ರಿಗೆ ಬುದ್ಧಿ ಇಲ್ವಾ, ನಿಮಗಿಲ್ವಾ?" ಅಂದಿದ್ದಾರೆ.

ಮನೆಗೆ ಬಂದ ಮೇಲೆ ಮೊದಲ ಎರಡು ದಿನ ಕಷ್ಟ. ಕಾಲರ್ ಹಾಕಿಕೊಂಡು ಬಾಗಿಲಿಗೆಲ್ಲ ಡಿಕ್ಕಿ. ಮೂಗು ಊದಿ ಮೊದಲಿಗಿಂತ ಜೋರಾಗಿ ಸದ್ದು. ಕೆಟ್ಟಿತಾ ಅಂತ ಡಾಕ್ಟರಿಗೆ ಫೋನ್ ಮಾಡಿದೆ. ಊತ ಇಳಿಯುವವರೆಗೆ ಹಾಗೇ ಅಂದರು. ಊಟ ಮುಟ್ಟಲಿಲ್ಲ. ಬೆಕ್ಕು ಎರಡು ಮೂರು ದಿನ ಪೂರ್ತಿ ಉಪವಾಸ ಬಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಇನ್ನೊಂದು ಕಾಯಿಲೆ ಆಗುತ್ತದೆ, ಅದಕ್ಕೆ ಕಾಯುತ್ತಾ ಕೂರಬಾರದು. ಉಪ್ಪಿಲ್ಲದೆ ಬೇಯಿಸಿದ ಕೋಳಿಯನ್ನು ಅರೆದು, ಉಗುರುಬೆಚ್ಚಗೆ ಮಾಡಿ, ಬೆರಳ ತುದಿಯಲ್ಲಿ ಅಂಗುಳಕ್ಕೆ ಸವರಿದೆ. ಮೂರನೆಯ ಸವರಿಗೆ ನೆಕ್ಕಿದಳು. ನಾಲ್ಕನೆಯ ದಿನ ಊತ ಇಳಿಯಿತು. ಆ ರಾತ್ರಿ ಉಸಿರು ಎಣಿಸಿದೆ, 26. ಗದ್ದ ಬುಟ್ಟಿಯ ಅಂಚಿನ ಮೇಲೆ ಇರಲಿಲ್ಲ. ಒಂದು ಪಕ್ಕಕ್ಕೆ ಬಿದ್ದುಕೊಂಡು, ನಾಲ್ಕೂ ಕಾಲು ಚಾಚಿ ಮಲಗಿದ್ದಳು.

ಮೂಗಿನ ಹೊಲಿಗೆ ತಾನೇ ಕರಗಿತು. ಹೊಟ್ಟೆಯದಕ್ಕೆ ಮತ್ತೆ ಮೈಸೂರಿಗೆ ಹೋಗುವುದು ಬೇಡ ಅಂತ ಡಾಕ್ಟರೇ ಒಂದು ಚೀಟಿ ಬರೆದುಕೊಟ್ಟಿದ್ದರು. ಮಡಿಕೇರಿಯಲ್ಲೇ ಹನ್ನೆರಡನೆಯ ದಿನ ತೆಗೆದರು, ಐದು ನಿಮಿಷದ ಕೆಲಸ. ಮೊದಲೇ ಕೇಳಿ ಚೀಟಿ ಬರೆಸಿಕೊಂಡರೆ ಒಂದು ದಿನದ ಪ್ರಯಾಣ ಉಳಿಯುತ್ತದೆ. ಗೊರಕೆ ಪೂರ್ತಿ ಹೋಗಿಲ್ಲ, ಪೂರ್ತಿ ಹೋಗುವುದೂ ಇಲ್ಲವಂತೆ. ಕಣ್ಣು ಒರೆಸುವುದು ತಪ್ಪಿಲ್ಲ. ತೂಕ 4.2 ಕಿಲೋ ಇದೆ, ಅದಕ್ಕಿಂತ ಏರಲು ಬಿಡಬೇಡಿ ಅಂದಿದ್ದಾರೆ. ಬೇಸಿಗೆಯಲ್ಲಿ ಘಟ್ಟ ಇಳಿಸುವುದಂತೂ ಇಲ್ಲ.

ಕಾಲರ್ ಬಿಚ್ಚಿದ ಮಾರನೆಯ ದಿನ, ಅಂದರೆ ನಿನ್ನೆ, ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಅಡಿಗೆಮನೆಯಿಂದ ತಟ್ಟೆ ಬಿದ್ದ ಸದ್ದು, ಹಿಂದೆಯೇ ಅತ್ತೆಯ ಕೂಗು. ಓಡಿ ಹೋಗಿ ನೋಡಿದರೆ ಹುರಿಯಲು ಇಟ್ಟಿದ್ದ ಒಣಮೀನು ಒಂದು ಮಾಯ. ಮಂಚದ ಕೆಳಗಿಂದ ಗುರ್ ಅನ್ನುವ ಸದ್ದು, ಹತ್ತಿರ ಬರಬೇಡಿ ಅನ್ನುವ ಹಾಗೆ. ಉಪ್ಪು ಮೀನು ಬೆಕ್ಕಿಗೆ ಒಳ್ಳೆಯದಲ್ಲ ಅಂತ ನಾನು ಬಗ್ಗಿ ಕೈ ಹಾಕಿದೆ.

ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. "ಬಿಡು ಬಿಡು, ಒಂದು ತಾನೆ. ಕಳ್ಳಿ ಇವಳು, ಇಷ್ಟು ದಿನ ನಾಟಕ ಆಡ್ತಿದ್ದಳು."